ತೀರ್ಪೆಲ್ಲ ಹೆತ್ತವರ ಮೇಲೆಯೇ
ಕಳೆದ ವಾರ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತಿದ್ದ ಹಿರಿಯರೊಬ್ಬರು, ಕಿರುತೆರೆಯ ಹಾಡಿನ ಸ್ಪರ್ಧೆಯಿಂದ ಹೊರಬಿದ್ದು ವೇದಿಕೆಯ ಮೇಲೆಯೇ ಅತ್ತ ಪುಟ್ಟ ಹುಡುಗಿಯೊಬ್ಬಳನ್ನು ನೆನೆದು, "ದುಡ್ಡಿನಾಸೆಗೆ ಮಗುವನ್ನು ಬಲಿಕೊಟ್ಟರು" ಎಂದು ಅವಳ ತಂದೆತಾಯಿಗೆ ಒಂದೇ ಮಾತಿನಲ್ಲಿ ಶಿಕ್ಷೆ ವಿಧಿಸಿಬಿಟ್ಟರು. ಆ ಸಂಚಿಕೆಯನ್ನು ತಾವು ಎರಡು ಸಲ ನೋಡಿದ್ದಾಗಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಹೇಳಿದರು.

ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ, ಸಂಪಾದನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕೆಂದೂ 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳು ಹೇಳುತ್ತವೆ. ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕಾದವರು ನಿರ್ಮಾಪಕರು. ಅವರು ಇದನ್ನೆಲ್ಲ ಪಾಲಿಸಿದರೇ ಎಂದು ಯಾರೂ ಕೇಳುವುದಿಲ್ಲ. ಅಳುವ ಮುಖದ ಹತ್ತಿರಕ್ಕೆ ಕ್ಯಾಮೆರಾ ಒಯ್ದು, ಹಿನ್ನೆಲೆಗೆ ಪಿಟೀಲು ಸೇರಿಸಿ, ಆ ತುಣುಕನ್ನೇ ವಾರವಿಡೀ ಪ್ರೋಮೋ ಮಾಡಿದವರಿಗೂ ಬೈಗುಳವಿಲ್ಲ. ಮಕ್ಕಳನ್ನು ಹಿಂಡುವ ಹೆತ್ತವರು ಇದ್ದಾರೆ, ಒಪ್ಪುತ್ತೇನೆ. ಆದರೆ ಪ್ರೇಕ್ಷಕರ ಸಾಲಿನಲ್ಲಿ ಸೆರಗು ಕಚ್ಚಿಕೊಂಡು ಕುಳಿತ ತಾಯಿಯನ್ನು ನಾಲ್ಕು ಸೆಕೆಂಡು ಕಂಡವರು ಅವಳ ಮನೆಯ ಲೆಕ್ಕಪತ್ರವನ್ನೂ ಮನಸ್ಸನ್ನೂ ಓದಿ ಮುಗಿಸಿರುತ್ತಾರೆ. ಅದೇ ಮಗು ಗೆದ್ದಿದ್ದರೆ ಇದೇ ಹಿರಿಯರು ವೃತ್ತದಲ್ಲಿ ಫ್ಲೆಕ್ಸ್ ಕಟ್ಟಿಸಿ, ಮೂಲೆಯಲ್ಲಿ ತಮ್ಮ ಫೋಟೊವನ್ನೂ ಹಾಕಿಸಿಕೊಳ್ಳುತ್ತಿದ್ದರು.