ಮಹಜರಿನಲ್ಲಿ ಪೀಚ್ ಗಿಡಗಳ ಲೆಕ್ಕವಿದೆ, ಹೆಂಡತಿಯ ಹೆಸರಿಲ್ಲ

1868ರ ಜನವರಿ. ಅಮೆರಿಕದ ನೆಬ್ರಾಸ್ಕದಲ್ಲಿ ಡೇನಿಯಲ್ ಫ್ರೀಮನ್ ಎಂಬ ರೈತನ ಹೋಮ್‌ಸ್ಟೆಡ್ ಜಮೀನಿಗೆ (ಅಲ್ಲೇ ವಾಸವಿದ್ದು ಸಾಗು ಮಾಡಿದವರಿಗೆ ಸರ್ಕಾರ ಕೊಡುತ್ತಿದ್ದ ನೆಲ) ಇಬ್ಬರು ಸಾಕ್ಷಿ ಹೇಳಿದರು. ಬಗರ್ ಹುಕುಂ ಕಡತ ನೋಡಿದವರಿಗೆ ಧಾಟಿ ಹೊಸದೇನಲ್ಲ. ಮನೆ 14 ಅಡಿಗೆ 20 ಅಡಿ, ಎರಡು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ. ಉಳುಮೆಯಾದದ್ದು ಸುಮಾರು 35 ಎಕರೆ. 100 ಅಡಿ ಉದ್ದದ ಕುರಿದೊಡ್ಡಿ. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ. ಸಂಸಾರದ ವಿಷಯಕ್ಕೆ ಇಷ್ಟೇ: ಹೆಂಡತಿ ಮತ್ತು ಇಬ್ಬರು ಮಕ್ಕಳು.

ಆ ಹೆಂಡತಿ ಅಯೋವಾದ ಆಗ್ನೆಸ್ ಸೂಟರ್. ಮೊದಲು ನಿಶ್ಚಯವಾಗಿದ್ದದ್ದು ಡೇನಿಯಲ್‌ನ ಸಹೋದರನ ಜೊತೆ. ಅವನು ಅಂತರ್ಯುದ್ಧದಲ್ಲಿ ತೀರಿಕೊಂಡ. ಆಮೇಲೆ ಡೇನಿಯಲ್ ಜೊತೆ ಪತ್ರ ವ್ಯವಹಾರ ನಡೆದು 1865ರಲ್ಲಿ ಮದುವೆ. ಮೊದಲ ಹೋಮ್‌ಸ್ಟೆಡ್ ರೈತ ಎಂದು ಚರಿತ್ರೆ ನೆನೆಯುವುದು ಗಂಡನನ್ನು.

1862ರ ಹೋಮ್‌ಸ್ಟೆಡ್ ಕಾಯ್ದೆಯನ್ನೇ ಸ್ವಲ್ಪ ನೋಡಿ. 160 ಎಕರೆ ಬೇಕಾದರೆ ಐದು ವರ್ಷ ಅಲ್ಲೇ ವಾಸವಿರಬೇಕು. ಆರು ತಿಂಗಳಿಗಿಂತ ಹೆಚ್ಚು ಬಿಟ್ಟು ಹೋದರೆ ಜಮೀನು ಸರ್ಕಾರಕ್ಕೆ ವಾಪಸ್. ಕೈಯಲ್ಲಿ ಕಾಸಿಲ್ಲದ ಗಂಡಸರು ರೈಲು ಹಳಿ ಹಾಕುವ ಕೂಲಿಗೋ ಬೇರೆಯವರ ಕೊಯ್ಲಿಗೋ ತಿಂಗಳುಗಟ್ಟಲೆ ಹೋಗುತ್ತಿದ್ದರು. ಹಾಗಾದರೆ 'ವಾಸ' ಮಾಡಿದ್ದು ಯಾರು? ಒಂಟಿ ಹೆಣ್ಣು, ವಿಧವೆ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆಗಿರುವ ಹೆಂಗಸಿಗೆ ಸಾಮಾನ್ಯವಾಗಿ ಅದೂ ಇಲ್ಲ. ನನ್ನ ತಕರಾರು ಇದೇ. ಇವರನ್ನು ತ್ಯಾಗಮಯಿ ತಾಯಿ ಎಂದು ಹೊಗಳುವುದು ಸುಲಭ, ಜಮೀನು ಉಳಿಸಿಕೊಂಡವರು ಎಂದು ಬರೆಯುವವರು ಕಡಿಮೆ. (ಆ ನೆಲ ಅದಕ್ಕೂ ಮೊದಲು ಓಟೊ-ಮಿಸೂರಿಯಾ, ಪಾನಿ ಮುಂತಾದ ಮೂಲನಿವಾಸಿಗಳದ್ದು. ಆ ಲೆಕ್ಕ ಯಾವ ಸಾಕ್ಷಿಯೂ ಹೇಳಲಿಲ್ಲ.)

ಕೆಲಸ ಎಂದರೆ ಎಂಥದ್ದು? ಬಟ್ಟೆಗೆ ಹಾಕುವ ಸೋಪನ್ನೇ ತೆಗೆದುಕೊಳ್ಳಿ. ತಳದಲ್ಲಿ ತೂತಿರುವ ಪೀಪಾಯಿಗೆ ಹುಲ್ಲು ಹಾಸಿ, ಮೇಲೆ ಗಟ್ಟಿ ಮರದ ಬೂದಿ ತುಂಬಿ, ಮಳೆನೀರನ್ನು ನಿಧಾನವಾಗಿ ಹುಯ್ಯಬೇಕು. ಬಾವಿಯ ಗಡಸು ನೀರಾದರೆ ಸೋಪು ಒಡೆದು ಗಷ್ಟಾಗುತ್ತದೆ. ಕೆಳಗೆ ತೊಟ್ಟಿಕ್ಕುವ ಕಂದು ಬಣ್ಣದ ಕ್ಷಾರದಲ್ಲಿ ಹಸಿ ಮೊಟ್ಟೆ ಬಿಡುವುದು. ನಾಣ್ಯದಷ್ಟು ಭಾಗ ಮೇಲೆ ಕಂಡರೆ ಹದ. ಮುಳುಗಿದರೆ ಕ್ಷಾರ ತೆಳು, ಕಾಯಿಸಿ ಇಂಗಿಸಬೇಕು. ತೀರಾ ಮೇಲೆ ತೇಲಿದರೆ ಕ್ಷಾರ ಜಾಸ್ತಿ, ಆ ಸೋಪು ಕೈಯ ಚರ್ಮವನ್ನೇ ಕಿತ್ತೀತು. ಕಸಾಯಿಯ ದಿನಗಳಿಂದ ಕೂಡಿಟ್ಟ ಕೊಬ್ಬನ್ನು ನೀರಿನಲ್ಲಿ ಕುದಿಸಿ ಉಪ್ಪು, ಮಾಂಸದ ಚೂರು ತೆಗೆದಿರಬೇಕು, ಇಲ್ಲದಿದ್ದರೆ ನಾತ. ಎರಡನ್ನೂ ಕಬ್ಬಿಣದ ಹಂಡೆಯಲ್ಲಿ ಹಾಕಿ ಅಂಗಳದ ಒಲೆಯ ಮೇಲೆ ಗಂಟೆಗಟ್ಟಲೆ ಮರದ ಕೋಲಿನಿಂದ ತಿರುವುತ್ತಿರಬೇಕು, ಮಕ್ಕಳು ಹತ್ತಿರ ಸುಳಿಯದಂತೆ ಒಂದು ಕಣ್ಣಿಟ್ಟು. ಇಷ್ಟಾದರೂ ಸಿಗುವುದು ಲೋಳೆಯಂಥ ಮೆದು ಸೋಪು. ಬೂದಿಯ ಕ್ಷಾರದ ಗುಣವೇ ಅದು. ಬಿಲ್ಲೆ ಬೇಕೆಂದರೆ ಉಪ್ಪು ಹಾಕಿ ಗಟ್ಟಿ ಮಾಡಬೇಕು, ಉಪ್ಪಿಗೆ ದುಡ್ಡು ಬೇಕು.

ಇಷ್ಟೆಲ್ಲ ಆದ ಮೇಲೆ ಶುರುವಾಗುವುದು ಒಗೆಯುವ ಕೆಲಸ. ಒಂದು ಸಲ ಒಗೆದು, ಕುದಿಸಿ, ಜಾಲಿಸಲು ಸುಮಾರು 190 ಲೀಟರ್ ನೀರು ಹೊರಬೇಕು.

ಫ್ರೀಮನ್ ಜಮೀನಿನ ಪಕ್ಕ ಕಬ್ ಕ್ರೀಕ್ ಎಂಬ ಹಳ್ಳ, ಅದರ ದಂಡೆಯಲ್ಲಿ ಮರ. ಇನ್ನೂ ಪಶ್ಚಿಮಕ್ಕೆ ಹೋದವರಿಗೆ ಮರವೇ ಇಲ್ಲ. ಹುಲ್ಲಿನ ಬೇರು ಹೆಣೆದ ಮಣ್ಣಿನ ಹೆಂಟೆ ಕತ್ತರಿಸಿ, ಹುಲ್ಲಿನ ಮುಖ ಕೆಳಗೆ ಮಾಡಿ ಗೋಡೆ ಕಟ್ಟಿದರು. ಗೋಡೆ ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಸೂರು ಮಾತ್ರ ಮಳೆ ನಿಂತ ಮೇಲೂ ಸೋರುತ್ತಿತ್ತು. ಅಡುಗೆಗೆ ಮಣ್ಣು, ಹುಳ ಬೀಳದಂತೆ ಒಳಗೆ ಬಟ್ಟೆ ಕಟ್ಟುವುದು ಹೆಂಗಸರ ಪಾಲು. ಉರುವಲಿಗೆ ಕಾಡೆಮ್ಮೆಯ ಒಣ ಸಗಣಿ. ಬೆರಣಿ ತಟ್ಟಿದ ನಮ್ಮವರಿಗೆ ಅದರ ಹೊಗೆ ವಿವರಿಸಬೇಕಿಲ್ಲ. 1874ರಲ್ಲಿ ಮಿಡತೆ ದಂಡು ಬಂದಾಗ ತರಕಾರಿ ಮಡಿಗಳ ಮೇಲೆ ಕೌದಿ ಹೊದಿಸಿದರು. ಮಿಡತೆಗಳು ಕೌದಿಯನ್ನೂ ತಿಂದವು.

ಮತ್ತೆ ಆ 400 ಪೀಚ್ ಗಿಡ. ಫಲ ಬಂದರೆ ಮಾಗಿದ ಹಣ್ಣು ಕೆಲವೇ ದಿನಕ್ಕೆ ಕೊಳೆಯುತ್ತದೆ. ಸೀಳಿ, ಬೀಜ ತೆಗೆದು, ರಸ ಸೋರದಂತೆ ಕೊಯ್ದ ಮುಖ ಮೇಲೆ ಮಾಡಿ ಹಲಗೆಯ ಮೇಲೆ ಹರವಬೇಕು, ನೊಣ ಕೂರದಂತೆ ತೆಳು ಬಟ್ಟೆ ಮುಚ್ಚಬೇಕು. ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ, ಬೆಳಿಗ್ಗೆ ಮತ್ತೆ ಹೊರಗೆ. ಚರ್ಮದಂತೆ ಬಾಗಬೇಕು, ಹಿಂಡಿದರೆ ಹನಿ ಬರಬಾರದು. ಒಂದು ಸೀಳು ಹಸಿ ಉಳಿದರೂ ಇಡೀ ಚೀಲಕ್ಕೆ ಬೂಷ್ಟು.