ದೇಶದ ಅಂಕಪಟ್ಟಿಯಷ್ಟೇ ಸಾಲದು
ಅಭಿವೃದ್ಧಿ ಯೋಜನೆಗೆ ಹಣ ತೊಡಗಿಸುವ ಮುನ್ನ ಆಯಾ ದೇಶದ ಆಡಳಿತವನ್ನು ವಿಶ್ವಬ್ಯಾಂಕಿನ ಸೂಚ್ಯಂಕಗಳಿಂದ ಅಳೆಯಬೇಕೆಂದು ನಾನು ಓದಿದ ಲೇಖನವೊಂದು ವಾದಿಸುತ್ತದೆ; ಆ ವಾದವನ್ನು ನಾನು ಭಾಗಶಃ ಮಾತ್ರ ಒಪ್ಪುತ್ತೇನೆ. 1996ರಿಂದ ಲಭ್ಯವಿರುವ ಆ ಆರು ಸೂಚ್ಯಂಕಗಳು ಕಾನೂನಿನ ಆಳ್ವಿಕೆ, ಭ್ರಷ್ಟಾಚಾರ ನಿಯಂತ್ರಣ ಮೊದಲಾದ ವಿಷಯಗಳಲ್ಲಿ ಇಡೀ ದೇಶಕ್ಕೆ ಒಂದೊಂದೇ ಅಂಕ ಕೊಡುತ್ತವೆ. ಆದರೆ ನಮ್ಮ ಹಾಸನ ಜಿಲ್ಲೆಯೊಂದರಲ್ಲೇ ಅರಸೀಕೆರೆಯ ಬಯಲಿಗೂ ಸಕಲೇಶಪುರದ ಮಲೆನಾಡಿಗೂ ಅಧಿಕಾರ ನಡೆಯುವ ರೀತಿ ಬೇರೆ. ಕಾಫಿ ತೋಟದ ಲೈನ್ ಮನೆಗಳಲ್ಲಿ (ತೋಟದೊಳಗಿನ ಸಾಲುಮನೆಗಳಲ್ಲಿ) ಇರುವ ಕಾರ್ಮಿಕರಿಗೆ ನಲ್ಲಿ ನೀರು ಬರಬೇಕಾದರೆ ಗ್ರಾಮ ಪಂಚಾಯಿತಿಯ ನಿರ್ಣಯವೊಂದೇ ಸಾಲದು, ಜಾಗ ತೋಟಕ್ಕೆ ಸೇರಿದ್ದರಿಂದ ಮಾಲೀಕರ ಒಪ್ಪಿಗೆಯೂ ಬೇಕು. ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆದರೂ ಯಾವ ಸದಸ್ಯರು ಯಾರ ಕಡೆಯವರೆಂಬುದು ಊರಿಗೆಲ್ಲ ಗೊತ್ತು (ಕಡತಕ್ಕೆ ಮಾತ್ರ ಗೊತ್ತಿರುವುದಿಲ್ಲ). ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಗಿ, ಆಡಳಿತಾಧಿಕಾರಿಗಳೇ ಅವುಗಳನ್ನು ನಡೆಸಿದ್ದು ದೇಶದ ಅಂಕದಲ್ಲಿ ಕಾಣುವ ಸಂಗತಿಯೇ? ಯೋಜನೆಯ ತಂಡವು ಜಿಲ್ಲೆಗೆ ಬಂದಾಗ ಮೊದಲು ವಿಚಾರಿಸಬೇಕಾದದ್ದು, ಬಿಲ್ಲಿಗೆ ಸಹಿ ಹಾಕುವವರು ಯಾರು ಮತ್ತು ಅವರು ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು.