ಮೊದಲು ಸೆರಗಿನ ಕೆಂಪು, ಆಮೇಲೆ ಫೋರ್‌ಕಾಸ್ಟ್

ನಾನು ಇಳಕಲ್ ಕಡೆಯವನು. 14 ವರ್ಷದಿಂದ ತಮಿಳುನಾಡಿನ ತಿರುಪ್ಪೂರಿನಲ್ಲಿದ್ದೇನೆ. ಟೀ ಶರ್ಟ್, ಹೂಡಿ, ಮಕ್ಕಳ ಬಟ್ಟೆಗಳಿಗೆ ಪ್ರಿಂಟ್ ಮತ್ತು ಎಂಬ್ರಾಯ್ಡರಿ ಮಾಡುವ ಯೂನಿಟ್‌ನಲ್ಲಿ ಸ್ಯಾಂಪಲ್ ಕೆಲಸ ನೋಡಿಕೊಳ್ಳುತ್ತೇನೆ. ಮುಂದಿನ ಸೀಸನ್‌ಗೆ ಯಾವ ಬಣ್ಣ ಓಡುತ್ತದೆ ಅನ್ನೋದು ಇಲ್ಲಿ ದಿನಾ ಏಳೋ ಪ್ರಶ್ನೆ. ನಮ್ಮೂರಿನ ಸೀರೆ ಅಂಗಡಿಗಳಲ್ಲೂ ಇದೇ ಪ್ರಶ್ನೆ ಇದೆ. ಆದರೆ ಉತ್ತರ ಹುಡುಕೋ ರೀತಿ ಪೂರ್ತಿ ಬೇರೆ.

ತಿರುಪ್ಪೂರಿಗೆ ಬಣ್ಣ ಹೊರಗಿನಿಂದ ಬರುತ್ತದೆ. ಪ್ಯಾಂಟೋನ್ ಕಂಪನಿ ಪ್ರತಿ ಡಿಸೆಂಬರ್‌ನಲ್ಲಿ ಮುಂದಿನ ವರ್ಷದ ಬಣ್ಣ ಯಾವುದು ಅಂತ ಹೇಳುತ್ತದೆ. 2000ದಲ್ಲಿ ಸೆರುಲಿಯನ್ ಅನ್ನೋ ನೀಲಿಯಿಂದ ಇದು ಶುರುವಾಯಿತು. 2023ಕ್ಕೆ ವಿವಾ ಮಜೆಂಟಾ, 2024ಕ್ಕೆ ಪೀಚ್ ಫಝ್, 2025ಕ್ಕೆ ಮೋಕಾ ಮೂಸ್, 2026ಕ್ಕೆ ಕ್ಲೌಡ್ ಡಾನ್ಸರ್ ಅನ್ನೋ ಬಿಳಿ. ಇನ್ನೊಂದು ಕಡೆ ಡಬ್ಲ್ಯುಜಿಎಸ್ಎನ್ ಮತ್ತು ಕೊಲೊರೊ ಅನ್ನೋ ಕಂಪನಿಗಳು ಸೇರಿ ಮುಂದೆ ಓಡೋ ಬಣ್ಣಗಳ ಅಂದಾಜನ್ನು, ಅಂದರೆ ಫೋರ್‌ಕಾಸ್ಟನ್ನು, ಸುಮಾರು ಎರಡು ವರ್ಷ ಮೊದಲೇ ಹೇಳುತ್ತವೆ. ಬೈಯರ್ ಇವನ್ನೆಲ್ಲ ನೋಡಿ ನಮಗೆ ಬಣ್ಣದ ನಂಬರ್ ಕಳಿಸುತ್ತಾನೆ.

ಬಹಳ ಜನ ಎಡವೋದು ಈ ಎರಡರ ಹೊತ್ತಿನ ವ್ಯತ್ಯಾಸದಲ್ಲೇ. ಡಿಸೆಂಬರ್‌ನಲ್ಲಿ ಹೇಳಿದ ಬಣ್ಣವನ್ನು ಬೇಸಿಗೆಯ ಬಟ್ಟೆಗೆ ಅದ್ದೋಕೆ ಹೊರಟರೆ ಆಗಲೇ ತಡ. ಲ್ಯಾಬ್ ಡಿಪ್ (ಬಟ್ಟೆಯ ಚೂರಿಗೆ ಬಣ್ಣ ಅದ್ದಿ ನೋಡೋದು) ಆಗಬೇಕು, ಬೈಯರ್ ಒಪ್ಪಬೇಕು, ಡೈಯಿಂಗ್‌ನಲ್ಲಿ ಲಾಟ್ ಸಿಗಬೇಕು, ಆಮೇಲೆ ಕಟಿಂಗ್. ಅದೇ ಬಣ್ಣ ಪ್ರಿಂಟ್‌ನ ಇಂಕ್‌ನಲ್ಲಿ ಬೇಕಂದ್ರೆ ಬೆಳಿಗ್ಗೆ ಕಲಸಿ ಮಧ್ಯಾಹ್ನ ಸ್ಟ್ರೈಕ್ ಆಫ್, ಅಂದರೆ ಪ್ರಿಂಟ್‌ನ ಸ್ಯಾಂಪಲ್, ತೋರಿಸಬಹುದು. ಎಂಬ್ರಾಯ್ಡರಿಗಾದರೆ ದಾರದ ಬಣ್ಣಗಳ ಶೇಡ್ ಕಾರ್ಡ್ ತೆಗೆದು ಹತ್ತಿರದ ದಾರ ಆರಿಸಿದರೆ ಸಾಕು. ಎರಡು ವರ್ಷದ ಫೋರ್‌ಕಾಸ್ಟ್ ಬಟ್ಟೆಗೆ, ಡಿಸೆಂಬರ್‌ನದು ಇಂಕ್ ಮತ್ತು ದಾರಕ್ಕೆ. ಇದನ್ನು ನಾನು ನಷ್ಟದಿಂದ ಕಲಿತೆ.

2022ರ ಬಣ್ಣ ವೆರಿ ಪೆರಿ. ನೀಲಿಯೂ ಅಲ್ಲ, ನೇರಳೆಯೂ ಅಲ್ಲ. ಒಬ್ಬ ಬೈಯರ್ ಮಕ್ಕಳ ಹೂಡಿಯ ಇಡೀ ಬಟ್ಟೆಯನ್ನೇ ಆ ಬಣ್ಣಕ್ಕೆ ಅದ್ದಿಸಿದರು. ಬೇರೆ ಬೇರೆ ಬೆಳಕಲ್ಲಿ ಬಣ್ಣ ನೋಡೋ ಲೈಟ್ ಬಾಕ್ಸ್‌ನಲ್ಲಿ ಹಗಲಿನ ಬೆಳಕಿನ ಡಿ65 ಹಾಕಿದಾಗ ಸರಿಯಾಗಿತ್ತು. ಅಂಗಡಿ ಬೆಳಕಿನ ಟಿಎಲ್84ಕ್ಕೆ ಬದಲಿಸಿದ ಕೂಡಲೇ ಕೆಂಪಿಗೆ ತಿರುಗಿತು. ಮತ್ತೆ ಲ್ಯಾಬ್ ಡಿಪ್, ಮತ್ತೆ ಕಾಯೋದು. ಸರಕು ರೆಡಿಯಾಗೋ ಹೊತ್ತಿಗೆ ಆರ್ಡರ್ ಅರ್ಧಕ್ಕೆ ಇಳಿದಿತ್ತು. ಉಳಿದದ್ದು ಖಾದರ್‌ಪೇಟೆಗೆ ಹೋಯಿತು. ಎಕ್ಸ್‌ಪೋರ್ಟ್‌ನಲ್ಲಿ ಮಿಕ್ಕಿದ್ದೆಲ್ಲ ರಾಶಿ ಬೀಳೋ ಬಜಾರು ಅದು. ಒಂದು ಸಂಜೆ ಅಲ್ಲಿ ಹೋಗುವಾಗ ಆ ಹೂಡಿಗಳು ಕಂಡವು. ಎದೆಯ ಮೇಲೆ ನಮ್ಮದೇ ಚಿಟ್ಟೆ. ಅದರ ರೆಕ್ಕೆಯ ದಾರ ಎಳೆಯಬಾರದು ಅಂತ ಟೆನ್ಶನ್ ಸರಿ ಮಾಡಲು ನಮ್ಮ ಹುಡುಗರು ಒಂದಿಡೀ ರಾತ್ರಿ ಕೂತಿದ್ದರು. ಕಸೂತಿಯಲ್ಲಿ ತಪ್ಪಿರಲಿಲ್ಲ. ಅದನ್ನು ಹೊತ್ತಿದ್ದ ಬಟ್ಟೆಯ ಬಣ್ಣ ಕೈಕೊಟ್ಟಿತ್ತು.

ಆ ವರ್ಷವೇ ತಂಗಿಯ ಮದುವೆ ಸೀರೆಗೆ ಇಳಕಲ್‌ಗೆ ಹೋದೆವು. ತಂಗಿ ಫೋನ್‌ನಲ್ಲಿ ಒಂದು ತಿಳಿ ನೇರಳೆ ತೋರಿಸಿದಳು. ಅಂಗಡಿ ಕಾಕಾ ನೋಡಿ, "ಮೈ ಬಣ್ಣ ನೀ ಹೇಳಿದ್ದ ಮಾಡಸೋಣವಾ. ಸೆರಗು ಮಾತ್ರ ಕೆಂಪ ಇರ್ತೈತಿ" ಅಂದರು. ತಂಗಿ ಮರುಮಾತಾಡಲಿಲ್ಲ. ನನಗೆ ಆ ಮಾತು ತಲೆಯಲ್ಲಿ ಉಳಿಯಿತು.

ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಹಾಗಾಗಿ ಮೈಗೆ ಯಾವ ಬಣ್ಣ ಬಂದರೂ ಸೆರಗಿನ ಕೆಂಪು, ಅದರ ಬಿಳಿ ತೆನೆಯ ವಿನ್ಯಾಸ ಹಾಗೇ ಇರುತ್ತದೆ. ಕೇಳಿದ್ದನ್ನೆಲ್ಲ ಕೊಡೋಕೆ ಒಂದು ಜಾಗ, ಯಾರು ಕೇಳಿದರೂ ಬದಲಿಸದ ಒಂದು ಜಾಗ. ಕಸೂತಿಯಲ್ಲಿ ಇದೇ ಲೆಕ್ಕ ತಿರುವುಮುರುವು. ಚಂದ್ರಕಾಳಿ ಸೀರೆಯ ಕಪ್ಪು ನೆಲ ಗಟ್ಟಿ. ಅದರ ಮೇಲೆ ಗವಂತಿ, ಮುರ್ಗಿ ಅನ್ನೋ ಹೊಲಿಗೆ ಹಾಕೋ ದಾರದ ಬಣ್ಣ ಅವರವರ ಇಷ್ಟ.

ತಿರುಪ್ಪೂರಿನಲ್ಲಿ ನಮಗೆ ಇಂಥ ಗಟ್ಟಿ ಜಾಗವೇ ಇರಲಿಲ್ಲ. ಪ್ರತಿ ಸೀಸನ್‌ಗೂ ಬಟ್ಟೆ, ಇಂಕ್, ದಾರ ಎಲ್ಲವನ್ನೂ ಹೊಸ ಬಣ್ಣಕ್ಕೆ ಒಪ್ಪಿಸುತ್ತಿದ್ದೆವು. ಈಗ ನಮ್ಮದೇ ಕಲೆಕ್ಷನ್ ಮಾಡುವಾಗ ನೇವಿ, ಆಫ್ ವೈಟ್, ಗ್ರೇ ಮೆಲಾಂಜ್ (ಬೂದು ಎಳೆ ಬೆರೆತ ಬಣ್ಣ) ಇಷ್ಟನ್ನು ಮೊದಲು ಬರೆದಿಡುತ್ತೇನೆ. ಫೋರ್‌ಕಾಸ್ಟ್ ತೆರೆಯೋದು ಆಮೇಲೆ. ವಿವಾ ಮಜೆಂಟಾ ಬಂದಾಗ ನೇವಿ ಶರ್ಟ್ ಮೇಲೆ ಮೊದಲು ಬಿಳಿ ಇಂಕ್‌ನ ಪದರ (ಅಂಡರ್‌ಬೇಸ್) ಹಾಕಿ ಎದೆಯ ಪ್ರಿಂಟ್‌ಗಷ್ಟೇ ಕೊಟ್ಟೆವು. ಮಾರ್ಚ್‌ನಲ್ಲಿ ಆ ಬಣ್ಣ ಓಡೋದು ನಿಂತಿತು. ನಾವು ಇಂಕ್ ಬದಲಿಸಿ ಉಳಿದ ಶರ್ಟ್‌ಗಳನ್ನು ಮುಗಿಸಿದೆವು.

ಊರಿನ ಪದ್ಧತಿಯೇ ಎಲ್ಲದರಲ್ಲೂ ಮೇಲು ಅಂತ ಹೇಳಲಾರೆ. ಅಲ್ಲಿ 'ಗಿಣಿ ಹಸಿರು' ಅಂದರೆ ಇಬ್ಬರು ನೇಕಾರರ ಮನೆಯಲ್ಲಿ ಎರಡು ಹಸಿರು. ಹೋದ ವರ್ಷದ್ದೇ ಮತ್ತೆ ಬೇಕು ಅಂತ ಹೋದರೆ ಸಿಗೋದಿಲ್ಲ. ಇಲ್ಲಿ ನಂಬರ್ ಹೇಳಿದರೆ ಐದು ವರ್ಷದ ಹಿಂದಿನ ಬಣ್ಣವನ್ನೂ ಹತ್ತಿರ ಹತ್ತಿರ ತರಬಹುದು. ಹುಬ್ಬಳ್ಳಿ, ಧಾರವಾಡದಲ್ಲಿ ಕಸೂತಿ ಕುರ್ತಿ ಮಾಡೋ ಹೆಣ್ಣುಮಕ್ಕಳು ಬೇರೇನೂ ತಗೊಳ್ಳದಿದ್ದರೂ ಬಳಸಿದ ದಾರದ ನಂಬರ್ ಬರೆದಿಡೋ ಅಭ್ಯಾಸ ಮಾಡಿಕೊಳ್ಳಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಯಾವ ಫೋರ್‌ಕಾಸ್ಟ್‌ನಲ್ಲೂ ಸಿಗದ ಬಣ್ಣಗಳೂ ಇವೆ. ನವೆಂಬರ್ 1ಕ್ಕೆ ಹಳದಿ-ಕೆಂಪು ಟೀ ಶರ್ಟ್ ಬೇಕೇ ಬೇಕು. ಅದಕ್ಕೆ ಯಾವ ಪುಸ್ತಕ ಬೇಕು, ಅಲ್ವಾ? ಬೇಕಾದದ್ದು ಕೈಚಳಕ. ಹಳದಿ ಬಟ್ಟೆ ಮೇಲೆ ಕೆಂಪು ಇಂಕ್ ಸುಲಭ. ಕೆಂಪು ಪಾಲಿಯೆಸ್ಟರ್ ಮೇಲೆ ಹಳದಿ ಹಾಕಿದರೆ ಬಟ್ಟೆಯ ಬಣ್ಣ ಬಿಸಿಗೆ ಇಂಕ್‌ನೊಳಗೆ ಏರಿ ಹಳದಿ ಕಿತ್ತಳೆಯಾಗುತ್ತದೆ. ಅದಕ್ಕೆ ನಾನು ಕೆಂಪನ್ನು ಹತ್ತಿಯಲ್ಲೇ ಮಾಡಿಸಿ ಅನ್ನುತ್ತೇನೆ.

ಅವ್ವನ ಹಳೇ ಸೀರೆಯ ಸೆರಗಿನ ಒಂದು ತುಂಡು ನನ್ನ ಲೈಟ್ ಬಾಕ್ಸ್ ಪಕ್ಕದಲ್ಲಿದೆ. ಮುಂದಿನ ಚಳಿಗಾಲದ ನೇವಿ ಹೂಡಿಗೆ ಆ ಕೆಂಪಿನ ದಾರ ಆರಿಸಬೇಕು. ಡಿ65ರಲ್ಲಿ ಮೂರು ಶೇಡ್ ಹತ್ತಿರ ಬಂದಿವೆ. ಟಿಎಲ್84ರಲ್ಲಿ ಒಂದೇ ನಿಂತಿದೆ. ನಾಳೆ ಅದನ್ನು ಮಷಿನ್‌ಗೆ ಹಾಕಿಸುತ್ತೇನೆ.